ಹಿತ್ತಲಲ್ಲಿ ನಾಲ್ಕು ಹೇಂಟೆ, ಟಪಾಲಿನಲ್ಲಿ ಎಚ್‌ಓಎ ನೋಟಿಸು

2025ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರ್ ಮುಟ್ಟಿತು. 2022ರಿಂದ ಹರಡಿದ ಹಕ್ಕಿಜ್ವರಕ್ಕೆ ದೊಡ್ಡ ದೊಡ್ಡ ಫಾರಂಗಳ ಕೋಳಿಗಳನ್ನೇ ಕೊಲ್ಲಬೇಕಾಗಿ ಬಂದದ್ದು ಇದಕ್ಕೆ ಮುಖ್ಯ ಕಾರಣ. ಊರಿನ ಹಿತ್ತಲಲ್ಲಿ ಕೋಳಿ ನೋಡಿಕೊಂಡು ಬೆಳೆದವರಿಗೆ ಆಗ ‘ನಾವೇ ನಾಲ್ಕು ಸಾಕಿಕೊಂಡರೆ ಹೇಗೆ’ ಅನ್ನಿಸಿದ್ದು ಸಹಜ. ಸಿಟಿ ಆಫೀಸಿಗೆ ಫೋನ್ ಮಾಡಿದರೆ ಎಷ್ಟೋ ಕಡೆ ‘ಧಾರಾಳವಾಗಿ ಸಾಕಿ’ ಅನ್ನುತ್ತಾರೆ. ಆ ಧೈರ್ಯದ ಮೇಲೆ ಗೂಡು ಕಟ್ಟಿ, ಮರಿ ತಂದು, ಐದು ತಿಂಗಳು ಸಾಕಿ, ಮೊದಲ ಮೊಟ್ಟೆ ಕೈಗೆ ಬರುವ ಹೊತ್ತಿಗೆ ಎಚ್‌ಓಎ (ಬಡಾವಣೆಯ ಮನೆಮಾಲೀಕರ ಸಂಘ) ಮ್ಯಾನೇಜ್‌ಮೆಂಟ್ ಕಂಪನಿಯ ಪತ್ರವೂ ಬರುತ್ತದೆ: ಇಂತಿಷ್ಟು ದಿನದೊಳಗೆ ಕೋಳಿ ತೆಗೆಯಿರಿ, ಇಲ್ಲವಾದರೆ ದಂಡ.

ಈ ಜಗಳ ನಡೆಯುವುದು ಕೋಳಿಯ ಮೇಲಲ್ಲ, ಕಾಗದದ ಮೇಲೆ. ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಆಫೀಸಿನಲ್ಲಿ ನೋಂದಣಿಯಾದ ಒಂದು ವಾಕ್ಯ ಇಡೀ ಜಗಳದ ದಿಕ್ಕನ್ನು ನಿರ್ಧರಿಸುತ್ತದೆ. ಆ ವಾಕ್ಯ ಓದುವ ಮೊದಲು ಮರಿಗೆ ದುಡ್ಡು ಕೊಡಬೇಡಿ ಅನ್ನುವುದು ನನ್ನ ಮೊದಲ ಮಾತು.

ಸಿಟಿಯ ನಿಯಮ, ಎಚ್‌ಓಎ ಕರಾರು ಎರಡೂ ಬೇರೆ ಬೇರೆ. ಸಿಯಾಟಲ್‌ನಲ್ಲಿ ಒಂದು ನಿವೇಶನಕ್ಕೆ ಎಂಟು ಕೋಳಿಯವರೆಗೆ ಸಾಕಬಹುದು, ಹುಂಜ ಕೂಡದು. ನ್ಯೂಯಾರ್ಕ್ ನಗರದಲ್ಲೂ ಹೇಂಟೆ ಸರಿ, ಹುಂಜ ಇಲ್ಲ. ಹ್ಯೂಸ್ಟನ್‌ನಲ್ಲಿ ಪಕ್ಕದ ಮನೆಯಿಂದ 100 ಅಡಿ ದೂರ ಇರಬೇಕೆಂಬ ಷರತ್ತಿದೆ, ಹಾಗಾಗಿ ಚಿಕ್ಕ ನಿವೇಶನದವರಿಗೆ ಅಲ್ಲೇ ದಾರಿ ಮುಚ್ಚಿತು. ಇವೆಲ್ಲ ಸರ್ಕಾರದ ನಿಯಮಗಳು. ಎಚ್‌ಓಎ ನಿರ್ಬಂಧ ಹಾಗಲ್ಲ. ಅದು ಮನೆ ಕೊಳ್ಳುವಾಗಲೇ ನೀವು ಒಪ್ಪಿಕೊಂಡಂತಾಗುವ ಖಾಸಗಿ ಕರಾರು. ಓದಿ ಸಹಿ ಮಾಡಿದ್ದೀರೋ ಇಲ್ಲವೋ ಲೆಕ್ಕಕ್ಕಿಲ್ಲ, ಕರಾರು ನಿವೇಶನಕ್ಕೇ ಅಂಟಿಕೊಂಡಿರುತ್ತದೆ. ಸಿಟಿ ‘ಸಾಕಬಹುದು’ ಅಂದರೆ ಸಿಟಿ ದಂಡ ಹಾಕುವುದಿಲ್ಲ ಅಂತ ಮಾತ್ರ ಅರ್ಥ. ಎರಡೂ ಜರಡಿಯಲ್ಲಿ ಇಳಿಯಬೇಕು, ಯಾವುದರ ಕಣ್ಣು ಸಣ್ಣದೋ ಅದೇ ನಿಮ್ಮ ಮಿತಿ.

ಮೊದಲು ಕಾಗದಪತ್ರ ಕೂಡಿಸಿಕೊಳ್ಳಿ. ಮುಖ್ಯವಾದದ್ದು ‘ಸಿಸಿ ಅಂಡ್ ಆರ್’ ಅಂತ ಎಲ್ಲರೂ ಕರೆಯುವ ಡಿಕ್ಲರೇಷನ್, ಅಂದರೆ ಆ ನೋಂದಾಯಿತ ಕರಾರು. ಮನೆ ಕೊಂಡಾಗ ಟೈಟಲ್ ಕಂಪನಿ ಕೊಟ್ಟ ಕಡತದಲ್ಲಿ ಇರುತ್ತದೆ. ಇಲ್ಲದಿದ್ದರೆ ಕೌಂಟಿ ರೆಕಾರ್ಡರ್ ಕಚೇರಿಯ ವೆಬ್‌ಸೈಟಿನಲ್ಲಿ (ಟೆಕ್ಸಸ್‌ನಲ್ಲಾದರೆ ಕೌಂಟಿ ಕ್ಲರ್ಕ್) ಬಡಾವಣೆಯ ಹೆಸರು ಹಾಕಿ ಹುಡುಕಿ. ಎಚ್‌ಓಎ ಪೋರ್ಟಲ್‌ನಲ್ಲಿರುವ ಪ್ರತಿಯನ್ನೇ ನಂಬಿ ಕೂರಬೇಡಿ. ಹಳೆಯ ಪ್ರತಿ ಹಾಕಿ ಮರೆತಿರುತ್ತಾರೆ, ನಡುವೆ ಆದ ತಿದ್ದುಪಡಿ ಅಲ್ಲಿ ಇರುವುದಿಲ್ಲ. ಬಡಾವಣೆ ಹಂತ ಹಂತವಾಗಿ ಬೆಳೆದಿದ್ದರೆ ನಿಮ್ಮ ಹಂತಕ್ಕೆ ಪ್ರತ್ಯೇಕ ಪೂರಕ ಡಿಕ್ಲರೇಷನ್ ಇದೆಯೇ ನೋಡಿ. ಪಕ್ಕದ ಬೀದಿಗೆ ಒಂದು ನಿಯಮ, ನಿಮ್ಮ ಬೀದಿಗೆ ಇನ್ನೊಂದು ಆಗಿರುವುದುಂಟು. ಇವುಗಳ ಜೊತೆಗೆ ಬೈಲಾ, ಬೋರ್ಡ್ (ಸಂಘದ ಆಡಳಿತ ಸಮಿತಿ) ಮಾಡಿದ ರೂಲ್ಸ್, ಆರ್ಕಿಟೆಕ್ಚರಲ್ ಗೈಡ್‌ಲೈನ್ಸ್. ಬಲದಲ್ಲಿ ರಾಜ್ಯದ ಕಾನೂನು ಮೇಲೆ, ಅದರ ಕೆಳಗೆ ಡಿಕ್ಲರೇಷನ್, ಅದರ ಕೆಳಗೆ ಬೈಲಾ, ಎಲ್ಲಕ್ಕಿಂತ ಕೆಳಗೆ ಬೋರ್ಡಿನ ರೂಲ್ಸ್. ಡಿಕ್ಲರೇಷನ್ ಬಿಟ್ಟುಕೊಟ್ಟದ್ದನ್ನು ಬೋರ್ಡ್ ತನ್ನಷ್ಟಕ್ಕೆ ಒಂದು ರೂಲ್ ಮಾಡಿ ನಿಷೇಧಿಸಿದ್ದರೆ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ಕಲಮು ನಿಮಗೆ ಈ ಅಧಿಕಾರ ಕೊಟ್ಟಿದೆ?

ಈಗ ಆ ವಾಕ್ಯಕ್ಕೆ ಬರೋಣ. ಪ್ರಾಣಿಗಳ ಕಲಮು ಅಮೆರಿಕದ ಉದ್ದಗಲಕ್ಕೂ ಹೆಚ್ಚು ಕಡಿಮೆ ಒಂದೇ ಅಚ್ಚಿನಿಂದ ಇಳಿದಂತಿರುತ್ತದೆ. ಅರ್ಥದಲ್ಲಿ ಹೀಗೆ: ‘ಯಾವ ಲಾಟ್‌ನಲ್ಲೂ ಯಾವುದೇ ಬಗೆಯ ಪ್ರಾಣಿ, ಲೈವ್‌ಸ್ಟಾಕ್ ಅಥವಾ ಪೌಲ್ಟ್ರಿ ಸಾಕುವಂತಿಲ್ಲ, ಮರಿ ಮಾಡಿಸುವಂತಿಲ್ಲ, ಆದರೆ ನಾಯಿ, ಬೆಕ್ಕು ಮತ್ತಿತರ ಹೌಸ್‌ಹೋಲ್ಡ್ ಪೆಟ್‌ಗಳನ್ನು ವ್ಯಾಪಾರದ ಉದ್ದೇಶವಿಲ್ಲದೆ ಸಾಕಬಹುದು.’ ಇದರಲ್ಲಿ ಬೆರಳಿಟ್ಟು ಹುಡುಕಬೇಕಾದ ಪದ ‘ಪೌಲ್ಟ್ರಿ’ ಅಥವಾ ‘ಫೌಲ್’, ಅಂದರೆ ಕೋಳಿ ಬಾತುಗಳ ಜಾತಿ. ಅದು ಇದ್ದರೆ ವಾದಕ್ಕೆ ಜಾಗವೇ ಉಳಿಯುವುದಿಲ್ಲ. ‘ನಮ್ಮ ಕೋಳಿಗೆ ಹೆಸರಿದೆ, ಮಕ್ಕಳು ಎತ್ತಿ ಆಡಿಸುತ್ತಾರೆ, ಇದು ಪೆಟ್’ ಅಂತ ಎಷ್ಟು ಹೇಳಿದರೂ, ಹೆಸರು ಹಿಡಿದು ನಿಷೇಧಿಸಿದ್ದನ್ನು ‘ಮತ್ತಿತರ’ ಅನ್ನುವ ಸಾಮಾನ್ಯ ಪದದ ಬಾಗಿಲಿಂದ ಒಳಗೆ ತರಲು ಕೋರ್ಟು ಒಪ್ಪುವುದು ತೀರಾ ಕಷ್ಟ. ಇಂಥವರು ತಿದ್ದುಪಡಿಯ ದಾರಿ ಹಿಡಿಯಬೇಕು, ಅದನ್ನು ಮುಂದೆ ಹೇಳುತ್ತೇನೆ.

ಬರೀ ‘ಲೈವ್‌ಸ್ಟಾಕ್’ ಇದ್ದು ಪೌಲ್ಟ್ರಿ ಇಲ್ಲದಿದ್ದರೆ ಕಥೆ ಬೇರೆ. ಡಿಕ್ಲರೇಷನ್ನಿನ ಮೊದಲ ಪುಟಗಳಲ್ಲಿ ವ್ಯಾಖ್ಯೆಗಳ ಪಟ್ಟಿ ಇರುತ್ತದೆ. ಅಲ್ಲಿ ಲೈವ್‌ಸ್ಟಾಕ್ ಅಂದರೇನು ಅಂತ ಹೇಳಿದ್ದಾರೆಯೇ? ಹೇಳಿಲ್ಲವಾದರೆ ನಿಮ್ಮ ಸಿಟಿ ಕೋಡ್ ತೆಗೆದು ನೋಡಿ. ಎಷ್ಟೋ ಸಿಟಿಗಳು ದನ, ಕುದುರೆ, ಕುರಿ, ಮೇಕೆಗಳನ್ನು ಒಂದು ಗುಂಪು ಮಾಡಿ, ಕೋಳಿ ಬಾತುಗಳನ್ನು ಇನ್ನೊಂದು ಗುಂಪು ಮಾಡಿರುತ್ತವೆ. ‘ಸಿಟಿಯೇ ಇವೆರಡನ್ನೂ ಬೇರೆ ಮಾಡಿದೆ, ಕರಾರು ಬರೆದವರು ಕೋಳಿಯನ್ನೂ ಸೇರಿಸಬೇಕೆಂದಿದ್ದರೆ ಆ ಪದ ಬರೆಯುತ್ತಿದ್ದರು’ ಅನ್ನುವ ವಾದಕ್ಕೆ ತೂಕವಿದೆ. ಬರೀ ‘ಹೌಸ್‌ಹೋಲ್ಡ್ ಪೆಟ್ ಮಾತ್ರ’ ಅಂತಿದ್ದರೆ ಅದು ಅಡ್ಡಗೋಡೆಯ ಮೇಲಿನ ದೀಪ, ಫಲಿತಾಂಶ ರಾಜ್ಯದಿಂದ ರಾಜ್ಯಕ್ಕೆ, ಜಡ್ಜಿನಿಂದ ಜಡ್ಜಿಗೆ ಬದಲಾಗುತ್ತದೆ. ‘ಬೋರ್ಡ್ ಒಪ್ಪಿದ ಪ್ರಾಣಿಗಳು’ ಅಂತಿದ್ದರೆ ಬೋರ್ಡಿನ ಲಿಖಿತ ಒಪ್ಪಿಗೆ ಸಾಕು, ಆದರೆ ಮುಂದಿನ ಬೋರ್ಡ್ ಅದನ್ನು ಹಿಂದಕ್ಕೆ ಪಡೆಯಬಹುದು ಅನ್ನುವುದು ನೆನಪಿರಲಿ.

ಕೋರ್ಟುಗಳು ಇದನ್ನು ಹೇಗೆ ನೋಡುತ್ತವೆ ಅನ್ನುವುದಕ್ಕೆ ಎರಡು ತೀರ್ಪು ತಿಳಿದಿದ್ದರೆ ಒಳ್ಳೆಯದು. ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ 1994ರ ನಾರ್‌ಸ್ಟೆಡ್ ಪ್ರಕರಣದಲ್ಲಿ, ಕಾಂಡೊದಲ್ಲಿ ಬೆಕ್ಕು ಸಾಕಿದ್ದರ ಬಗ್ಗೆ, ನೋಂದಾಯಿತ ನಿರ್ಬಂಧವನ್ನು ಸಮಂಜಸ ಅಂತಲೇ ಭಾವಿಸಬೇಕು ಎಂದಿತು. ನಿಮ್ಮ ಬೆಕ್ಕು ಯಾರಿಗೂ ತೊಂದರೆ ಕೊಡಲಿಲ್ಲ ಅನ್ನುವುದು ಮುಖ್ಯವಲ್ಲ, ಇಡೀ ಬಡಾವಣೆಯ ದೃಷ್ಟಿಯಿಂದ ನಿರ್ಬಂಧಕ್ಕೆ ಅರ್ಥವಿದೆಯೇ ಅನ್ನುವುದು ಮುಖ್ಯ. ಟೆಕ್ಸಸ್ ಸುಪ್ರೀಂ ಕೋರ್ಟ್ 2018ರ ಟಾರ್ ಪ್ರಕರಣದಲ್ಲಿ, ಅಲ್ಪಾವಧಿ ಬಾಡಿಗೆಯ ವಿಷಯದಲ್ಲಿ, ಕರಾರಿನಲ್ಲಿ ಬರೆಯದ ನಿರ್ಬಂಧವನ್ನು ಹೊಸದಾಗಿ ಓದಿಕೊಳ್ಳಲು ಒಪ್ಪಲಿಲ್ಲ. ಒಂದು ಎಚ್‌ಓಎ ಕಡೆಯ ಅಸ್ತ್ರ, ಇನ್ನೊಂದು ಮನೆಯವರ ಕಡೆಯದು. ಎರಡೂ ಹೇಳುವುದು ಒಂದನ್ನೇ, ಬರೆದ ಪದ ಏನು ಅಂತ ನೋಡಿ.

ಕ್ಯಾಲಿಫೋರ್ನಿಯಾದವರಿಗೆ ಇನ್ನೊಂದು ಎಳೆ ಇದೆ. ಅಲ್ಲಿನ ಸಿವಿಲ್ ಕೋಡ್ 4715ರ ಪ್ರಕಾರ ಎಚ್‌ಓಎ ಕನಿಷ್ಠ ಒಂದು ಪೆಟ್ ಇಟ್ಟುಕೊಳ್ಳಲು ಬಿಡಲೇಬೇಕು. ‘ಪೆಟ್’ ಪಟ್ಟಿಯಲ್ಲಿ ‘ಸಾಕುಹಕ್ಕಿ’ ಅನ್ನುವುದೂ ಇದೆ. ಕೋಳಿ ಸಾಕುಹಕ್ಕಿಯಲ್ಲವೇ ಅಂತ ವಾದಿಸಬಹುದು. ಆದರೆ ಕಾನೂನು ಖಾತ್ರಿ ಕೊಡುವುದು ಒಂದಕ್ಕೆ ಮಾತ್ರ, ಅದೂ ಬೋರ್ಡಿನ ಸಮಂಜಸ ಷರತ್ತುಗಳಿಗೆ ಒಳಪಟ್ಟು. ಕೋಳಿ ಗುಂಪಿನಲ್ಲಿ ಬದುಕುವ ಪ್ರಾಣಿ, ಒಂಟಿ ಕೋಳಿ ಸಾಕುವುದು ಅದಕ್ಕೆ ಹಿಂಸೆ. ಹಾಗಾಗಿ ಈ ಎಳೆಯನ್ನೇ ಹಿಡಿದು ಮನೆ ಕಟ್ಟಲು ಹೋಗಬೇಡಿ.

ಕೋಳಿಯ ವಿಷಯದಲ್ಲಿ ಗೆದ್ದು ಗೂಡಿನ ವಿಷಯದಲ್ಲಿ ಸೋಲುವವರು ಬಹಳ. ಗೂಡು ‘ಸ್ಟ್ರಕ್ಚರ್’. ಆರ್ಕಿಟೆಕ್ಚರಲ್ ಕಮಿಟಿಯ ಒಪ್ಪಿಗೆ ಇಲ್ಲದೆ ಕಟ್ಟಿದರೆ ಅದೇ ಪ್ರತ್ಯೇಕ ಉಲ್ಲಂಘನೆ, ಇಂಥದ್ದರಲ್ಲಿ ಬೋರ್ಡ್ ಸೋಲುವುದು ಕಡಿಮೆ. ಅರ್ಜಿಯ ಜೊತೆ ನಿವೇಶನದ ಸರ್ವೆ ನಕಲಿನ ಮೇಲೆ ಗೂಡಿನ ಜಾಗ ಗುರುತಿಸಿ, ಎರಡೂ ಕಡೆಯ ಬೇಲಿಯಿಂದ ಮತ್ತು ಅಕ್ಕಪಕ್ಕದ ಮನೆಗಳ ಗೋಡೆಯಿಂದ ಎಷ್ಟು ಅಡಿ ಅಂತ ಬರೆಯಿರಿ. ಎತ್ತರ ಬೇಲಿಗಿಂತ ಕಡಿಮೆ ಇರಲಿ. ಆರು ಅಡಿ ಬೇಲಿಗೆ ಐದೂವರೆ ಅಡಿಯ ಗೂಡು ಸಾಕು. ಮನೆಯದೇ ಬಣ್ಣ, ಮನೆಯದೇ ಚಾವಣಿ ಶಿಂಗಲ್ ಅಂತ ಅರ್ಜಿಯಲ್ಲಿ ನಮೂದಿಸಿ. ಡಿಕ್ಲರೇಷನ್ನಿನಲ್ಲಿ ‘ಇಷ್ಟು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆಯೆಂದೇ ಭಾವಿಸಬೇಕು’ ಅನ್ನುವ ಕಲಮು ಇದೆಯೇ ನೋಡಿ. ಕೆಲವು ಕಡೆ ಅದಕ್ಕೆ ತದ್ವಿರುದ್ಧವಾಗಿ ‘ತಿರಸ್ಕಾರವೆಂದು ಭಾವಿಸಬೇಕು’ ಅಂತಿರುತ್ತದೆ. ಯಾವುದೇ ಇರಲಿ, ಅರ್ಜಿಯನ್ನು ಸರ್ಟಿಫೈಡ್ ಮೇಲ್‌ನಲ್ಲಿ ಕಳಿಸಿ, ಹಸಿರು ರಸೀತಿ ಎತ್ತಿಡಿ. ‘ಬೋರ್ಡ್ ಪ್ರೆಸಿಡೆಂಟ್ ಬಾಯಲ್ಲೇ ಓಕೆ ಅಂದಿದ್ದರು’ ಅನ್ನುವುದಕ್ಕೆ ಹಿಯರಿಂಗ್‌ನಲ್ಲಿ (ಎಚ್‌ಓಎ ನಡೆಸುವ ವಿಚಾರಣೆಯಲ್ಲಿ) ಮೂರು ಕಾಸಿನ ಬೆಲೆಯಿಲ್ಲ.

ಗೂಡಿನ ಅಳತೆ ನಾಲ್ಕು ಹೇಂಟೆಗೆ ಹೀಗಿರಲಿ. ಒಳಮನೆ 4 ಅಡಿಗೆ 4 ಅಡಿ, ಅಂದರೆ ಒಂದಕ್ಕೆ 4 ಚದರಡಿ. ಓಡಾಡುವ ರನ್ 4 ಅಡಿಗೆ 10 ಅಡಿ, ಒಂದಕ್ಕೆ 10 ಚದರಡಿ. ರಾತ್ರಿ ಕೂರುವ ಅಡ್ಡಪಟ್ಟಿಗೆ ಟು ಬೈ ಫೋರ್ ಮರವನ್ನು ಅಗಲ ಮುಖ ಮೇಲೆ ಬರುವಂತೆ ಕೂರಿಸಿ, ಒಂದೊಂದಕ್ಕೆ 10 ಇಂಚು ಜಾಗ. ಮೊಟ್ಟೆ ಇಡುವ ಪೆಟ್ಟಿಗೆ ಒಂದಡಿ ಚೌಕದ್ದು ಒಂದು ಸಾಕು, ಅದು ಅಡ್ಡಪಟ್ಟಿಗಿಂತ ಕೆಳಗಿರಬೇಕು. ಪೆಟ್ಟಿಗೆ ಮೇಲಿದ್ದರೆ ಕೋಳಿ ರಾತ್ರಿ ಅದರೊಳಗೇ ಮಲಗಿ ಹಿಕ್ಕೆ ಹಾಕುತ್ತದೆ, ಬೆಳಿಗ್ಗೆ ಮೊಟ್ಟೆಯೆಲ್ಲ ಗಲೀಜು. ಗಾಳಿಕಿಂಡಿಗಳು ಕೂತ ಕೋಳಿಯ ತಲೆಗಿಂತ ಮೇಲಿರಲಿ. ಸುತ್ತ ಹೊಡೆಯಲು ‘ಚಿಕನ್ ವೈರ್’ ಬೇಡ. ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ರಕೂನನ್ನು ಹೊರಗಿಡುವುದಿಲ್ಲ, ರಕೂನ್ ಅದನ್ನು ಕೈಯಿಂದಲೇ ಹರಿಯುತ್ತದೆ. ಅರ್ಧ ಇಂಚು ಕಣ್ಣಿನ 19 ಗೇಜ್ ಹಾರ್ಡ್‌ವೇರ್ ಕ್ಲಾತ್ (ಗಟ್ಟಿ ತಂತಿಯ ಜಾಲರಿ) ತಂದು, ಬರೀ ಸ್ಟೇಪಲ್ ಹೊಡೆಯದೆ ವಾಷರ್ ಹಾಕಿ ಸ್ಕ್ರೂ ಬಿಗಿಯಿರಿ. ಬುಡದಲ್ಲಿ ಅದೇ ಜಾಲರಿಯನ್ನು ಒಂದೂವರೆ ಅಡಿ ಹೊರಕ್ಕೆ ನೆಲದ ಮೇಲೆ ಹಾಸಿ ಹುಲ್ಲು ಬೆಳೆಯಲು ಬಿಟ್ಟರೆ ಕೆಳಗಿಂದ ತೋಡಿ ಬರುವ ಪ್ರಾಣಿಯೂ ನಿಲ್ಲುತ್ತದೆ. ಸಾದಾ ಚಿಲಕ ರಕೂನ್ ತೆಗೆಯಬಲ್ಲದು, ಚಿಲಕಕ್ಕೆ ಒಂದು ಕ್ಯಾರಬೀನರ್ (ಸ್ಪ್ರಿಂಗ್ ಕೊಂಡಿ) ಸಿಕ್ಕಿಸಿ. ರನ್ನಿನ ಮೇಲೆ ಗಟ್ಟಿ ಚಾವಣಿ ಹಾಕಿದರೆ ಮಳೆನೀರು ಬೀಳದು, ಕಾಡುಹಕ್ಕಿಯ ಹಿಕ್ಕೆಯೂ ಬೀಳದು. ಹಕ್ಕಿಜ್ವರದ ಕಾಲದಲ್ಲಿ ಬೋರ್ಡ್ ಕೇಳುವ ಮೊದಲ ಪ್ರಶ್ನೆಗೆ ಇದೇ ಉತ್ತರ.

ಇಷ್ಟೆಲ್ಲ ಯಾಕೆಂದರೆ, ಪ್ರಾಣಿಗಳ ಕಲಮಿನಲ್ಲಿ ತಪ್ಪಿಸಿಕೊಂಡರೂ ಪ್ರತಿ ಡಿಕ್ಲರೇಷನ್ನಿನಲ್ಲಿ ‘ನ್ಯೂಸನ್ಸ್’ ಕಲಮು ಒಂದು ಇದ್ದೇ ಇರುತ್ತದೆ. ವಾಸನೆ, ಸದ್ದು, ನೊಣ, ಇಲಿ, ಯಾವುದೇ ಒಂದಕ್ಕೆ ಪಕ್ಕದವರು ದೂರು ಕೊಟ್ಟರೆ ಅಲ್ಲಿಂದ ಶುರು. ಈ ನಾಲ್ಕೂ ಕೋಳಿಯ ದೋಷವಲ್ಲ, ಸಾಕುವವರ ದೋಷ.

ವಾಸನೆಗೆ ಮೂಲ ಒದ್ದೆ. ಕೋಳಿ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಅಮೋನಿಯಾ ಮಾಡುತ್ತವೆ, ಅದಕ್ಕೆ ತೇವ ಬೇಕು. ಒಣಗಿದ ಹಿಕ್ಕೆ ಹೆಚ್ಚು ನಾರುವುದಿಲ್ಲ. ಗೂಡಿನಲ್ಲಿ ಒದ್ದೆಯಾಗುವ ಜಾಗ ಸಾಮಾನ್ಯವಾಗಿ ಒಂದೇ, ನೀರಿನ ತಟ್ಟೆಯ ಸುತ್ತಮುತ್ತ. ತಟ್ಟೆ ತೆಗೆದು ಬಕೆಟ್ಟಿಗೆ ನಿಪ್ಪಲ್ ಹಾಕಿದರೆ ಅರ್ಧ ವಾಸನೆ ಅವತ್ತೇ ಹೋಗುತ್ತದೆ. ನೆಲಕ್ಕೆ ಪೈನ್ ಮರದ ಹೊಟ್ಟು 4ರಿಂದ 6 ಇಂಚು ದಪ್ಪ ಹರಡಿ. ಪರೀಕ್ಷೆ ಸುಲಭ: ಒಂದು ಹಿಡಿ ಹೊಟ್ಟು ತೆಗೆದು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಬಿಡಿ. ಉದುರಿದರೆ ಸರಿ. ಉಂಡೆಯಾಗಿ ನಿಂತರೆ ತೇವ ಜಾಸ್ತಿಯಾಗಿದೆ, ಆ ಜಾಗದ್ದನ್ನು ತೆಗೆದು ಒಣ ಹೊಟ್ಟು ಹಾಕಿ. ಕೂರುವ ಪಟ್ಟಿಯ ಕೆಳಗೆ ಒಂದು ಹಲಗೆ ಇಟ್ಟು ದಿನಾ ಬೆಳಿಗ್ಗೆ ಪುಟ್ಟಿ ನೈಫಿನಲ್ಲಿ ಕೆರೆದರೆ ರಾತ್ರಿಯ ಹಿಕ್ಕೆಯೆಲ್ಲ ಒಂದೇ ಸಲಕ್ಕೆ ಬರುತ್ತದೆ, ಎರಡು ನಿಮಿಷದ ಕೆಲಸ. ಒಂದು ಕೋಳಿಗೆ ದಿನಕ್ಕೆ ಸುಮಾರು ಕಾಲು ಪೌಂಡು ಹಸಿ ಹಿಕ್ಕೆ, ನಾಲ್ಕಕ್ಕೆ ಒಂದು ಪೌಂಡು. ಅದನ್ನು ಬೇಲಿ ಮೂಲೆಯಲ್ಲಿ ಗುಡ್ಡೆ ಹಾಕಬೇಡಿ, ಮುಚ್ಚಳವಿರುವ ಕಾಂಪೋಸ್ಟ್ ಡ್ರಮ್ಮಿಗೆ ಒಣ ಎಲೆಯ ಜೊತೆ ಹಾಕಿ. ಬೇಸಿಗೆಯಲ್ಲಿ ನೊಣ ಮೊಟ್ಟೆಯಿಂದ ರೆಕ್ಕೆ ಬಂದು ಹಾರುವವರೆಗೆ ವಾರ ಹತ್ತು ದಿನ ಹಿಡಿಯುತ್ತದೆ. ವಾರಕ್ಕೆರಡು ಸಲ ಒದ್ದೆ ಹಿಕ್ಕೆ ತೆಗೆದರೆ ಆ ಸರಪಳಿ ನಡುವೆಯೇ ಕಡಿಯುತ್ತದೆ.

ಇಲಿ ಬರುವುದು ಕೋಳಿಗಲ್ಲ, ಕಾಳಿಗೆ. ಒಂದು ಹೇಂಟೆ ದಿನಕ್ಕೆ ಕಾಲು ಪೌಂಡು, ಸುಮಾರು 115 ಗ್ರಾಂ ಲೇಯರ್ ಫೀಡ್ ತಿನ್ನುತ್ತದೆ. ನಾಲ್ಕಕ್ಕೆ ಒಂದು ಪೌಂಡು ಅಳೆದು ಬೆಳಿಗ್ಗೆ ಹಾಕಿ, ಕತ್ತಲಾಗುವ ಮೊದಲು ಉಳಿದದ್ದನ್ನು ತಟ್ಟೆ ಸಮೇತ ಒಳಗೆ ತನ್ನಿ. 50 ಪೌಂಡಿನ ಚೀಲ ತಗಡಿನ ಡಬ್ಬಿಯಲ್ಲಿರಲಿ. ಪ್ಲಾಸ್ಟಿಕ್ ಡಬ್ಬಿಯನ್ನು ಇಲಿ ಕಡಿದು ತೂತು ಮಾಡುತ್ತದೆ. ನಮ್ಮ ಮನೆಗಳಲ್ಲಿ ಮಿಕ್ಕ ಅನ್ನ, ಚಪಾತಿ ಚೂರು ಹಿತ್ತಲಿಗೆ ಎಸೆಯುವ ಅಭ್ಯಾಸವಿದೆ, ಅಮೆರಿಕದ ಹಿತ್ತಲಲ್ಲಿ ಅದೊಂದನ್ನು ಬಿಡಲೇಬೇಕು.

ಸದ್ದಿನ ವಿಷಯದಲ್ಲಿ, ಮೊಟ್ಟೆ ಇಟ್ಟ ಮೇಲೆ ಹೇಂಟೆ ಹತ್ತು ಹದಿನೈದು ನಿಮಿಷ ಕೊಕ್ಕೊಕ್ಕೊ ಅಂತ ಸಾರುವುದನ್ನು ಯಾರೂ ತಡೆಯಲಾಗದು. ಅದು ಸಾಮಾನ್ಯವಾಗಿ ಬೆಳಗಿನಿಂದ ಮಧ್ಯಾಹ್ನದೊಳಗೆ, ಇಬ್ಬರು ಮಾತಾಡುವಷ್ಟು ಗಟ್ಟಿ. ಕಾಟವಾಗುವುದು ನಸುಕಿನ ಸದ್ದು. ಆಟೊಮ್ಯಾಟಿಕ್ ಬಾಗಿಲನ್ನು ಬೆಳಕಿನ ಸೆನ್ಸರ್ ಮೇಲೆ ಬಿಟ್ಟರೆ ಜೂನ್‌ನಲ್ಲಿ ಬೆಳಕು ಹರಿಯುತ್ತಲೇ ತೆಗೆದು ಕೋಳಿಗಳು ರನ್ನಿಗೆ ಬಂದು ಗಲಾಟೆ ಎಬ್ಬಿಸುತ್ತವೆ. ಟೈಮರ್ ಮೋಡ್‌ಗೆ ಹಾಕಿ ಏಳೂವರೆಗೆ ತೆಗೆಯುವಂತೆ ಇಡಿ.

ಹುಂಜದ ಮಾತು ಪ್ರತ್ಯೇಕ, ಹೆಚ್ಚಿನ ದೂರುಗಳ ಬೇರು ಅದೇ. ಯಾರೂ ಬೇಕೆಂದು ಹುಂಜ ತರುವುದಿಲ್ಲ, ಹೇಂಟೆ ಅಂದುಕೊಂಡು ತಂದದ್ದು ಹುಂಜವಾಗುತ್ತದೆ. ಹ್ಯಾಚರಿಯವರು ‘ಸೆಕ್ಸ್ಡ್ ಪುಲೆಟ್’ (ಹೆಣ್ಣೆಂದು ಗುರುತಿಸಿದ ಎಳೆಯ ಕೋಳಿ) ಅಂತ ಮಾರುವ ಮರಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ತೊಂಬತ್ತು ಸರಿ ಅಂತ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ನಾಲ್ಕು ಮರಿ ತಂದರೆ ಅದರಲ್ಲಿ ಒಂದಾದರೂ ಹುಂಜವಾಗುವ ಸಂಭವ ಮೂರಕ್ಕೊಂದು. ‘ಸ್ಟ್ರೈಟ್ ರನ್’ ಅಂತ ಬರೆದಿದ್ದರೆ ಗಂಡು ಹೆಣ್ಣು ಬೇರೆ ಮಾಡಿಲ್ಲ ಅಂತ ಅರ್ಥ, ಅರ್ಧಕ್ಕರ್ಧ ಹುಂಜ. ಎಚ್‌ಓಎ ಬಡಾವಣೆಯವರಿಗೆ ನನ್ನ ಸಲಹೆ, ಹುಟ್ಟಿದಾಗಲೇ ಬಣ್ಣದಿಂದ ಗಂಡು ಹೆಣ್ಣು ತಿಳಿಯುವ ಸೆಕ್ಸ್‌ಲಿಂಕ್ ಜಾತಿ ತನ್ನಿ, ಇಲ್ಲವೇ ನಾಲ್ಕು ತಿಂಗಳು ದಾಟಿದ ಪುಲೆಟ್‌ಗಳನ್ನೇ ಕೊಳ್ಳಿ. ಮರಿಗಿಂತ ದುಬಾರಿ, ಆದರೆ ಒಂದೇ ಒಂದು ಬೆಳಗಿನ ಕೂಗು ಇಡೀ ಬೀದಿಯ ಒಲವನ್ನು ಕಳೆದುಬಿಡುತ್ತದೆ. ಮೊಟ್ಟೆಗೆ ಹುಂಜ ಬೇಕೇ ಇಲ್ಲ ಅನ್ನುವುದನ್ನು ಬೋರ್ಡಿನವರಿಗೂ ಬಿಡಿಸಿ ಹೇಳಿ, ಗೊತ್ತಿಲ್ಲದವರು ಅಲ್ಲಿ ಇರುತ್ತಾರೆ.

ಮೊಟ್ಟೆ ಮಾರಬೇಡಿ. ಬಡಾವಣೆಯ ಗುಂಪಿನಲ್ಲಿ ‘ಫ್ರೆಶ್ ಎಗ್ಸ್, ಡಜನ್ ಐದು ಡಾಲರ್’ ಅಂತ ಹಾಕಿದ ಒಂದು ಪೋಸ್ಟು ಸಾಕು, ‘ವ್ಯಾಪಾರದ ಉದ್ದೇಶ’ಕ್ಕೆ ನೀವೇ ಸಾಕ್ಷಿ ಬರೆದುಕೊಟ್ಟಂತೆ. ಪಕ್ಕದವರಿಗೆ ಸುಮ್ಮನೆ ಕೊಡಿ.

ನೋಟಿಸು ಬಂದೇ ಬಿಟ್ಟಿತು ಅನ್ನಿ. ಮೊದಲು ನೋಡಬೇಕಾದದ್ದು ಮೂರು: ಅಂಚೆಗೆ ಹಾಕಿದ ದಿನಾಂಕ, ಯಾವ ಕಲಮು ಮುರಿದಿದ್ದೀರೆಂದು ಬರೆದಿದ್ದಾರೆ, ಸರಿಪಡಿಸಲು ಎಷ್ಟು ದಿನ. ಲಕೋಟೆ ಎಸೆಯಬೇಡಿ, ದಿನಾಂಕ ಅದರ ಮೇಲಿದೆ. ಟೆಕ್ಸಸ್‌ನಲ್ಲಿ ಪ್ರಾಪರ್ಟಿ ಕೋಡ್‌ನ 209ನೇ ಅಧ್ಯಾಯ ನಿಮ್ಮ ಗುರಾಣಿ. ದಂಡ ಹಾಕುವ ಮೊದಲು ನೋಟಿಸು ಕಳಿಸಿ, ಸರಿಪಡಿಸಲು ಸಮಯ ಕೊಟ್ಟು, ಹಿಯರಿಂಗ್ ಕೇಳುವ ಹಕ್ಕಿದೆಯೆಂದು ತಿಳಿಸಬೇಕು. ಹಿಯರಿಂಗ್ ಕೇಳಲು 30 ದಿನ. ಎಡವುವುದು ಇಲ್ಲೇ, ಆ 30 ದಿನ ಪತ್ರ ನಿಮ್ಮ ಕೈಸೇರಿದ ದಿನದಿಂದಲ್ಲ, ಅವರು ಅಂಚೆಗೆ ಹಾಕಿದ ದಿನದಿಂದ. ರಜೆಗೆ ಬೆಂಗಳೂರಿಗೆ ಹೋಗಿ ಆರು ವಾರ ಬಿಟ್ಟು ಬಂದರೆ ಗಡುವು ಮುಗಿದಿರುತ್ತದೆ, ಹಾಗಾಗಿ ಊರಿಗೆ ಹೋಗುವಾಗ ಟಪಾಲು ತೆಗೆದು ನೋಡಲು ಒಬ್ಬರಿಗೆ ಹೇಳಿ ಹೋಗಿ. ಹಿಯರಿಂಗ್‌ಗೆ ಕನಿಷ್ಠ 10 ದಿನ ಮೊದಲು ತಾವು ತೋರಿಸಲಿರುವ ದಾಖಲೆ, ಫೋಟೊಗಳನ್ನೆಲ್ಲ ಎಚ್‌ಓಎ ನಿಮಗೆ ಕಳಿಸಬೇಕು. ಕಳಿಸದಿದ್ದರೆ 15 ದಿನ ಮುಂದೂಡುವುದು ನಿಮ್ಮ ಹಕ್ಕು. ಸಭೆಯ ಆಡಿಯೊ ರೆಕಾರ್ಡ್ ಮಾಡಿಕೊಳ್ಳಬಹುದು, ಮಾಡಿಕೊಳ್ಳಿ.

ಫ್ಲೋರಿಡಾದಲ್ಲಿ 14 ದಿನದ ನೋಟಿಸು ಕೊಟ್ಟು, ಬೋರ್ಡಿನವರೂ ಅವರ ಮನೆಯವರೂ ಅಲ್ಲದ ಕನಿಷ್ಠ ಮೂವರ ಸಮಿತಿಯ ಮುಂದೆ ವಿಚಾರಣೆಯಾಗಬೇಕು. ಸಮಿತಿ ಒಪ್ಪದಿದ್ದರೆ ದಂಡವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೋಟಿಸು ಹಿಯರಿಂಗ್‌ಗೆ 10 ದಿನ ಮೊದಲು. ಅದಕ್ಕಿಂತ ಉಪಯೋಗಕ್ಕೆ ಬರುವುದು ಅಲ್ಲಿನ ಐಡಿಆರ್, ಅಂದರೆ ಬೋರ್ಡಿನ ಒಬ್ಬರು ನಿಮ್ಮ ಜೊತೆ ಕೂತು ಮಾತಾಡುವ ಕ್ರಮ. ನೀವು ಬರೆದು ಕೇಳಿದರೆ ಅವರು ಬರಬೇಕು, ಅದಕ್ಕೆ ನಿಮ್ಮಿಂದ ಶುಲ್ಕ ಕೇಳುವಂತಿಲ್ಲ. ಅಲ್ಲಾದ ಒಪ್ಪಂದವನ್ನು ಬರೆದು ಎರಡೂ ಕಡೆಯವರು ಸಹಿ ಹಾಕಿ. ಲಾಯರ್ ಹತ್ತಿರ ಓಡುವ ಮೊದಲು ಇದನ್ನು ಮಾಡಿ ನೋಡದಿರುವುದು ದೊಡ್ಡ ತಪ್ಪು.

ಹಿಯರಿಂಗ್‌ಗೆ ತೆಗೆದುಕೊಂಡು ಹೋಗಬೇಕಾದ್ದು: ಡಿಕ್ಲರೇಷನ್ನಿನ ಆ ಪುಟ, ಸಿಟಿ ಕೋಡಿನ ಪುಟ, ಅಡಿ ಬರೆದ ನಕ್ಷೆ, ದಿನಾಂಕ ಸಹಿತ ಗೂಡಿನ ಫೋಟೊಗಳು, ಬೀದಿಯಲ್ಲಿ ನಿಂತರೆ ಗೂಡು ಕಾಣುವುದಿಲ್ಲ ಅನ್ನುವ ಫೋಟೊ, ಮತ್ತು ಬೇಲಿ ಹಂಚಿಕೊಂಡ ಎಲ್ಲ ಅಕ್ಕಪಕ್ಕದವರ ಸಹಿ. ಕೊನೆಯದು ಉಳಿದೆಲ್ಲವನ್ನೂ ಮೀರಿಸುತ್ತದೆ. ಹಿಂಬದಿ ಬೇಲಿಯ ಮನೆಯವರು ಬಂದು ‘ನಮಗೇನೂ ತೊಂದರೆಯಿಲ್ಲ’ ಅಂದರೆ ಬೋರ್ಡಿನ ಮುಖವೇ ಬದಲಾಗುತ್ತದೆ. ‘ಇನ್ನೊಬ್ಬರೂ ಸಾಕಿದ್ದಾರೆ’ ಅನ್ನುವ ವಾದ ಮಾಡುವುದಾದರೆ ಎಚ್‌ಓಎ ದಾಖಲೆಗಳನ್ನು ಲಿಖಿತವಾಗಿ ಕೇಳಿ ಪಡೆಯಿರಿ, ಬೇಲಿ ಹತ್ತಿ ಫೋಟೊ ತೆಗೆಯಬೇಡಿ. ಆ ವಾದ ಗೆಲ್ಲಬೇಕಾದರೆ ಉಲ್ಲಂಘನೆ ಎಷ್ಟು ವ್ಯಾಪಕವೆಂದರೆ ನಿಯಮವೇ ಸತ್ತುಹೋಗಿದೆ ಅನ್ನುವಷ್ಟಿರಬೇಕು. ಒಂದೆರಡು ಮನೆ ಸಾಲದು.

ಒಂದು ವಿಷಯವನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. ಸಿಟ್ಟಿಗೆ ತಿಂಗಳ ಅಥವಾ ವರ್ಷದ ಅಸೆಸ್‌ಮೆಂಟ್ (ಸಂಘದ ವಂತಿಗೆ) ಕಟ್ಟುವುದನ್ನು ನಿಲ್ಲಿಸಬೇಡಿ. ಟೆಕ್ಸಸ್‌ನಲ್ಲಿ ಬರೀ ದಂಡದ ಬಾಕಿಗಾಗಿ ಎಚ್‌ಓಎ ಮನೆ ಹರಾಜು ಹಾಕುವಂತಿಲ್ಲ, ಆದರೆ ಅಸೆಸ್‌ಮೆಂಟ್ ಬಾಕಿಗೆ ಹಾಕಬಹುದು. ಕೋಳಿ ಜಗಳವನ್ನು ಮನೆ ಜಗಳವಾಗಿ ಮಾಡಿಕೊಳ್ಳುವ ದಾರಿ ಅದೊಂದೇ, ಅದನ್ನು ನೀವಾಗಿ ತೆರೆಯಬೇಡಿ. ಕೋರ್ಟಿಗೆ ಹೋಗುವ ಮುಂಚೆಯೂ ಲೆಕ್ಕ ಹಾಕಿ. ಕ್ಯಾಲಿಫೋರ್ನಿಯಾದಲ್ಲಿ ಸೋತವರು ಗೆದ್ದವರ ಲಾಯರ್ ಫೀಸನ್ನೂ ಕೊಡಬೇಕು. ಟೆಕ್ಸಸ್‌ನಲ್ಲಿ ದಾವೆ ಹೂಡಿದ ಎಚ್‌ಓಎ ಗೆದ್ದರೆ ಅದರ ಫೀಸು ನಿಮ್ಮ ತಲೆಗೆ, ಜೊತೆಗೆ ಉಲ್ಲಂಘನೆಯ ಪ್ರತಿ ದಿನಕ್ಕೆ 200 ಡಾಲರ್‌ವರೆಗೆ ಹಾಕುವ ಅಧಿಕಾರ ಕೋರ್ಟಿಗಿದೆ.

ಎಮೋಷನಲ್ ಸಪೋರ್ಟ್ ಪ್ರಾಣಿ, ಅಂದರೆ ಮಾನಸಿಕ ಆರೋಗ್ಯಕ್ಕೆ ಬೇಕಾದ ಪ್ರಾಣಿ ಅಂತ ಪತ್ರ ತಂದುಬಿಡಿ ಅನ್ನುವವರೂ ಸಿಗುತ್ತಾರೆ. ಫೆಡರಲ್ ವಸತಿ ಇಲಾಖೆ 2020ರಲ್ಲಿ ಹೊರಡಿಸಿದ ಮಾರ್ಗದರ್ಶನದಲ್ಲೇ ಕೊಟ್ಟಿಗೆಯ ಪ್ರಾಣಿಗಳನ್ನು ಮನೆಯ ಸಾಮಾನ್ಯ ಸಾಕುಪ್ರಾಣಿಗಳಿಂದ ಬೇರೆ ಮಾಡಿ, ಅಂಥದ್ದೇ ಯಾಕೆ ಬೇಕು ಅಂತ ತೋರಿಸುವ ಭಾರ ಕೇಳಿದವರ ಮೇಲೆ ಹಾಕಿತ್ತು. ನಿಜವಾದ ಅಗತ್ಯವಿದ್ದು ಚಿಕಿತ್ಸೆ ಕೊಡುವ ವೈದ್ಯರೇ ಬರೆದರೆ ಬೇರೆ ಮಾತು. ಅಂತರ್ಜಾಲದಲ್ಲಿ ದುಡ್ಡು ಕೊಟ್ಟು ಪತ್ರ ತರುವುದು ನಿಜವಾಗಿ ಬೇಕಾದವರ ಹೊಟ್ಟೆಯ ಮೇಲೆ ಹೊಡೆದಂತೆ.

ಹಾಗಾಗಿ ‘ಪೌಲ್ಟ್ರಿ’ ಪದ ಇರುವವರಿಗೆ ಉಳಿಯುವುದು ತಿದ್ದುಪಡಿ. ಟೆಕ್ಸಸ್‌ನಲ್ಲಿ ಒಟ್ಟು ಮತಗಳ 67 ಪ್ರತಿಶತ ಬೇಕು, ಡಿಕ್ಲರೇಷನ್ನಿನಲ್ಲೇ ಕಡಿಮೆ ಬರೆದಿದ್ದರೆ ಅಷ್ಟು ಸಾಕು. ‘ಒಟ್ಟು’ ಅನ್ನುವುದನ್ನು ಗಮನಿಸಿ. 200 ಮನೆಯ ಬಡಾವಣೆಯಲ್ಲಿ 134 ‘ಹೌದು’ ಬೇಕು, ಸಭೆಗೆ ಬಾರದವರೆಲ್ಲ ‘ಬೇಡ’ ಅಂದವರ ಲೆಕ್ಕವೇ. ಬಾಡಿಗೆಯವರಿಗೆ ಮತವಿಲ್ಲ, ಬೇರೆ ಊರಲ್ಲಿರುವ ಮಾಲೀಕರ ವಿಳಾಸ ಕೌಂಟಿ ತೆರಿಗೆ ದಾಖಲೆಯಲ್ಲಿ ಸಿಗುತ್ತದೆ. ಬಡಾವಣೆ ಇನ್ನೂ ಬಿಲ್ಡರ್ ಹಿಡಿತದಲ್ಲಿದ್ದರೆ ಈ ಎಣಿಕೆಯೇ ಬೇಡ, ತಿದ್ದುವ ಅಧಿಕಾರ ಸಾಮಾನ್ಯವಾಗಿ ಅವರ ಕೈಲೇ ಇರುತ್ತದೆ, ಅವರಿಗೇ ಬರೆಯಿರಿ.

ತಿದ್ದುಪಡಿಯ ಕರಡು ಬರಹದಲ್ಲಿ ಜನರ ಹೆದರಿಕೆಗಳಿಗೆಲ್ಲ ಉತ್ತರವಿರಲಿ. ಒಂದು ಮನೆಗೆ ನಾಲ್ಕು ಹೇಂಟೆ, ಹುಂಜವಿಲ್ಲ, ಮಾರಾಟವಿಲ್ಲ, ಹೊರಗೆ ಕೊಯ್ಯುವಂತಿಲ್ಲ, ಗೂಡು ಹಿತ್ತಲಲ್ಲಿ ಮಾತ್ರ, ಬೇಲಿಯಿಂದ 10 ಅಡಿ, ಬೀದಿಗೆ ಕಾಣಬಾರದು, ಫೀಡ್ ತಗಡಿನ ಡಬ್ಬಿಯಲ್ಲಿ, ದೂರು ಸಾಬೀತಾದರೆ 30 ದಿನದಲ್ಲಿ ಒಪ್ಪಿಗೆ ರದ್ದು. ಇದಕ್ಕೆ ಇನ್ನೊಂದು ಸಾಲು ಸೇರಿಸಿ: ಈ ಅವಕಾಶ ಎರಡು ವರ್ಷಕ್ಕೆ ಮಾತ್ರ, ಆಮೇಲೆ ಮತ್ತೆ ಮತ ಹಾಕದಿದ್ದರೆ ತಾನಾಗಿಯೇ ಮುಗಿಯುತ್ತದೆ. ಒಲ್ಲದ ಮನಸ್ಸಿನವರನ್ನು ಒಪ್ಪಿಸುವ ಸಾಲು ಇದೇ ಅಂತ ನನ್ನ ನಂಬಿಕೆ. ಮತವಾದ ಮೇಲೆ ತಿದ್ದುಪಡಿ ಕೌಂಟಿಯಲ್ಲಿ ನೋಂದಣಿಯಾಗುವವರೆಗೆ ಅದಕ್ಕೆ ಜೀವವಿಲ್ಲ. ನೋಂದಣಿ ಸಂಖ್ಯೆ ಕೈಗೆ ಬರುವವರೆಗೆ ಮರಿ ತರಬೇಡಿ.

ಸೋತರೆ, ಕೋಳಿಗಳನ್ನು ಪಾರ್ಕಿನಲ್ಲೋ ಕೆರೆ ದಡದಲ್ಲೋ ಬಿಟ್ಟು ಬರಬೇಡಿ, ರಾತ್ರಿ ಕಳೆಯುವುದರೊಳಗೆ ಅವು ಕೊಯೋಟಿಯ ಪಾಲು. ಬಡಾವಣೆ ಆಚೆ ಜಮೀನು ಇರುವವರು, ಮಕ್ಕಳಿಗೆ ಪ್ರಾಣಿ ಸಾಕಣೆ ಕಲಿಸುವ 4-ಎಚ್ ಕ್ಲಬ್ಬಿನ ಕುಟುಂಬಗಳು ಮೊಟ್ಟೆ ಇಡುತ್ತಿರುವ ಹೇಂಟೆಯನ್ನು ಸಂತೋಷದಿಂದ ತೆಗೆದುಕೊಳ್ಳುತ್ತಾರೆ. ಕೋಳಿ ಕಳಿಸಿದ ದಿನವೇ ಖಾಲಿ ಗೂಡಿನ ಫೋಟೊ ತೆಗೆದು ಎಚ್‌ಓಎಗೆ ಕಳಿಸಿ, ‘ಉಲ್ಲಂಘನೆ ಮುಗಿದಿದೆ, ಬಾಕಿ ಏನೂ ಇಲ್ಲ’ ಅನ್ನುವ ಪತ್ರ ಕೇಳಿ ತೆಗೆದುಕೊಳ್ಳಿ. ಮುಂದೆ ಮನೆ ಮಾರುವಾಗ ಎಚ್‌ಓಎ ಕೊಡುವ ರೀಸೇಲ್ ಸರ್ಟಿಫಿಕೇಟಿನಲ್ಲಿ ಹಳೆಯ ಉಲ್ಲಂಘನೆ ತೆರೆದೇ ಇದ್ದರೆ ಕ್ಲೋಸಿಂಗ್ (ಮಾರಾಟ ಪೂರ್ತಿಯಾಗುವುದು) ಅಲ್ಲೇ ನಿಂತುಬಿಡಬಹುದು.